ಇನ್‌ವರ್ನೆಸ್ ಗುಡ್ಡದ ಮೇಲೆ ಈಗ ಇರುವುದು ಯಾವ ಕೋಟೆ?

ಸ್ಕಾಟ್ಲೆಂಡಿನ ಉತ್ತರ ಭಾಗದ ಮುಖ್ಯ ನಗರ ಇನ್‌ವರ್ನೆಸ್. ಅಲ್ಲಿನ ಕೋಟೆಯನ್ನು ಪ್ರವಾಸಿ ಕೇಂದ್ರವನ್ನಾಗಿ ಮಾರ್ಪಡಿಸುವ ಯೋಜನೆ ಕೆಲವು ವರ್ಷಗಳಿಂದ ಸುದ್ದಿಯಲ್ಲಿದೆ. ಅದಕ್ಕೆ ಸುರಿದ ಸಾರ್ವಜನಿಕ ಹಣ, ಮುಂದಕ್ಕೆ ಹೋಗುತ್ತಲೇ ಇದ್ದ ಉದ್ಘಾಟನೆ, ಅದರಿಂದ ನಗರಕ್ಕೆ ಆಗಬಹುದಾದ ಲಾಭ ಇವೆಲ್ಲ ಚರ್ಚೆಗೆ ಬಂದಿವೆ. ಆದರೆ ಈ ವರದಿಗಳನ್ನು ಓದುವವರಿಗೆ ಒಂದು ತೊಡಕು ಎದುರಾಗುತ್ತದೆ. ಇದು ಮ್ಯಾಕ್‌ಬೆತ್ ದೊರೆಯ ಕೋಟೆ ಎಂದು ಒಂದು ವರದಿ ಹೇಳಿದರೆ, ಸ್ಕಾಟ್ಲೆಂಡಿನ ಮೇರಿ ರಾಣಿಗೆ ಬಾಗಿಲು ತೆರೆಯದ ಕೋಟೆ ಎಂದು ಇನ್ನೊಂದು ಹೇಳುತ್ತದೆ. 1746ರಲ್ಲಿ ಸಿಡಿಮದ್ದಿಟ್ಟು ಉಡಾಯಿಸಿದ ಕೋಟೆ ಎಂದು ಮೂರನೆಯದು ಬರೆಯುತ್ತದೆ. ಮೂರರ ಜೊತೆಗೂ ಅಚ್ಚಾಗುವ ಚಿತ್ರ ಮಾತ್ರ ಒಂದೇ: ನೆಸ್ ನದಿಯ ದಂಡೆಯ ಗುಡ್ಡದ ಮೇಲೆ ಅಚ್ಚುಕಟ್ಟಾಗಿ ನಿಂತಿರುವ ಕೆಂಪು ಮರಳುಗಲ್ಲಿನ ಕಟ್ಟಡ. 1746ರಲ್ಲಿ ಉಡಾಯಿಸಿದ ಕೋಟೆ ಒಂದು ಬಿರುಕೂ ಇಲ್ಲದೆ ಈಗ ನಿಂತಿರುವುದು ಹೇಗೆ ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಉತ್ತರ ಸರಳ. ಆ ಕೋಟೆ ಈಗ ಇಲ್ಲ. ಗುಡ್ಡದ ಮೇಲೆ ಕಾಣುವುದು ಕೋಟೆಯ ವೇಷ ತೊಟ್ಟ ಹತ್ತೊಂಬತ್ತನೆಯ ಶತಮಾನದ ನ್ಯಾಯಾಲಯ ಮತ್ತು ಜೈಲು. ಹಳೆಯ ಕೋಟೆ ಏಕೆ ಅಳಿಯಿತು, ಅದನ್ನು ಮತ್ತೆ ಕಟ್ಟದೆ ಬಿಟ್ಟದ್ದೇಕೆ, ಅದೇ ಜಾಗದಲ್ಲಿ ನ್ಯಾಯಾಲಯ ಎದ್ದದ್ದೇಕೆ ಎಂಬ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವುಗಳ ಉತ್ತರ ಗೊತ್ತಿಲ್ಲದೆ ಇಂದಿನ ವಿವಾದವನ್ನು ಸರಿಯಾಗಿ ತೂಗಲು ಆಗುವುದಿಲ್ಲ.

ಈಗಿನ ಕಟ್ಟಡ

ಗುಡ್ಡದ ಮೇಲೆ ನಿಜವಾಗಿ ಎರಡು ಕಟ್ಟಡಗಳಿವೆ. ದಕ್ಷಿಣದ್ದು ವಿಲಿಯಂ ಬರ್ನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ. 1836ರಲ್ಲಿ ನ್ಯಾಯಾಲಯಕ್ಕಾಗಿ ಕಟ್ಟಿದ್ದು. ಉತ್ತರದ್ದನ್ನು ಥಾಮಸ್ ಬ್ರೌನ್ ರೂಪಿಸಿದ. 1848ರಲ್ಲಿ ಸಿದ್ಧವಾದ ಅದು ಜೈಲು. 1902ರಲ್ಲಿ ನಗರದ ಬೇರೊಂದು ಕಡೆ ಹೊಸ ಜೈಲು ತೆರೆಯಿತು. ನ್ಯಾಯಾಲಯ ಮಾತ್ರ 2020ರ ಮಾರ್ಚ್‌ವರೆಗೆ ಇಲ್ಲಿಯೇ ನಡೆದು, ಆಮೇಲೆ ಹೊಸದಾಗಿ ಕಟ್ಟಿದ ಇನ್‌ವರ್ನೆಸ್ ನ್ಯಾಯ ಕೇಂದ್ರಕ್ಕೆ ಸ್ಥಳಾಂತರಗೊಂಡಿತು. ಹೀಗೆ ಕಟ್ಟಡ ಖಾಲಿಯಾದದ್ದರಿಂದಲೇ ಪ್ರವಾಸೋದ್ಯಮದ ಯೋಜನೆಗೆ ದಾರಿಯಾಯಿತು. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ 2005ರಲ್ಲಿ ಹೊರತಂದ 50 ಪೌಂಡಿನ ನೋಟಿನ ಹಿಂಬದಿಯಲ್ಲಿ ಇದರದೇ ಚಿತ್ರವಿದೆ ಎಂದರೆ, ಈ ಕಟ್ಟಡ ‘ಕೋಟೆ’ಯಾಗಿಯೇ ಜನಮನದಲ್ಲಿ ಎಷ್ಟು ಗಟ್ಟಿಯಾಗಿ ನಿಂತಿದೆ ಎಂದು ತಿಳಿಯುತ್ತದೆ.

ಬುರುಜು, ತೆನೆಸಾಲಿನ ಗೋಡೆ, ದುಂಡು ಗೋಪುರ ಎಲ್ಲವೂ ಇಲ್ಲಿವೆ. ಆದರೆ ಯಾವ ಸೈನ್ಯವೂ ಈ ಗೋಡೆಗಳನ್ನು ಮುತ್ತಿಲ್ಲ, ಯಾವ ಫಿರಂಗಿಯೂ ಇವುಗಳತ್ತ ಗುಂಡು ಹಾರಿಸಿಲ್ಲ. ಕಟ್ಟಿದವರಿಗೂ ಆ ಉದ್ದೇಶವಿರಲಿಲ್ಲ.

ಮ್ಯಾಕ್‌ಬೆತ್ ಹೆಸರು ಬಂದದ್ದು ಹೇಗೆ

ಗೊಂದಲದ ಮೊದಲ ಪದರಕ್ಕೆ ಶೇಕ್ಸ್‌ಪಿಯರನೇ ಕಾರಣ. ಅವನ ನಾಟಕದಲ್ಲಿ ಮುದುಕ ದೊರೆ ಡಂಕನ್ ಅತಿಥಿಯಾಗಿ ಇನ್‌ವರ್ನೆಸ್ ಕೋಟೆಗೆ ಬಂದು, ನಿದ್ದೆಯಲ್ಲಿರುವಾಗ ಕೊಲೆಯಾಗುತ್ತಾನೆ. ಚರಿತ್ರೆಯ ಡಂಕನ್ ಮುದುಕನಾಗಿರಲಿಲ್ಲ. 1040ರಲ್ಲಿ ಎಲ್ಗಿನ್ ಊರಿನ ಹತ್ತಿರ ನಡೆದ ಕಾಳಗದಲ್ಲಿ ಅವನು ಸತ್ತ. ಮೊರೇ ಪ್ರಾಂತದ ಅಧಿಪತಿಯಾಗಿದ್ದ ಮ್ಯಾಕ್‌ಬೆತ್ ಆಮೇಲೆ ಹದಿನೇಳು ವರ್ಷ ಆಳಿ, 1057ರಲ್ಲಿ ಡಂಕನ್‌ನ ಮಗ ಮಾಲ್ಕಮ್‌ನ ಕಡೆಯವರಿಂದ ಹತನಾದ. ಅವನಿಗೆ ಇನ್‌ವರ್ನೆಸ್‌ನಲ್ಲಿ ಕೋಟೆ ಇದ್ದದ್ದೇ ನಿಜವಾದರೂ, ಸ್ಥಳೀಯ ಐತಿಹ್ಯ ಅದನ್ನು ಈಗಿನ ಗುಡ್ಡದಲ್ಲಿ ಗುರುತಿಸುವುದಿಲ್ಲ. ಇನ್ನಷ್ಟು ಪೂರ್ವಕ್ಕೆ, ಕ್ರೌನ್ ಎಂಬ ಬಡಾವಣೆಯ ದಿಣ್ಣೆಯಲ್ಲಿ ಗುರುತಿಸುತ್ತದೆ. ಅಲ್ಲಿನ ಒಂದು ರಸ್ತೆಯ ಹೆಸರು ಇಂದಿಗೂ ಆಲ್ಡ್‌ಕ್ಯಾಸಲ್ ರಸ್ತೆ. ಮಾಲ್ಕಮ್ ಆ ಕೋಟೆಯನ್ನು ಕೆಡವಿಸಿ ನದಿಯ ಪಕ್ಕದ ಗುಡ್ಡಕ್ಕೆ ನೆಲೆ ಬದಲಿಸಿದ ಎಂಬ ಮಾತಿದೆ. ಹಾಗಾಗಿ ಮ್ಯಾಕ್‌ಬೆತ್‌ನ ಹೆಸರನ್ನು ಈಗಿನ ಕಟ್ಟಡಕ್ಕೆ ಜೋಡಿಸುವಾಗ ಎಂಟು ಶತಮಾನಗಳಷ್ಟೇ ಅಲ್ಲ, ಒಂದು ಗುಡ್ಡವನ್ನೂ ದಾಟಬೇಕಾಗುತ್ತದೆ.

ಈ ಗುಡ್ಡಕ್ಕಾಗಿ ಇಷ್ಟು ಹೋರಾಟ ಏಕೆ

ನಕ್ಷೆ ನೋಡಿದರೆ ಕಾರಣ ತಿಳಿಯುತ್ತದೆ. ಸ್ಕಾಟ್ಲೆಂಡಿನ ಉತ್ತರ ಭಾಗವನ್ನು ಓರೆಯಾಗಿ ಸೀಳುವ ‘ಗ್ರೇಟ್ ಗ್ಲೆನ್’ ಎಂಬ ಉದ್ದನೆಯ ಕಣಿವೆಯ ಈಶಾನ್ಯ ತುದಿಯಲ್ಲಿ ಇನ್‌ವರ್ನೆಸ್ ಇದೆ. ನೆಸ್ ಸರೋವರದಿಂದ ಹೊರಡುವ ನೆಸ್ ನದಿ ಹತ್ತು ಕಿಲೋಮೀಟರಿನಷ್ಟು ಹರಿದು ಇಲ್ಲಿ ಸಮುದ್ರದ ಕೊಲ್ಲಿಯನ್ನು ಸೇರುತ್ತದೆ. ಪೂರ್ವದ ಬಯಲಿನಿಂದ ಉತ್ತರದ ಕುಲಗಳ ನಾಡಿಗೆ ಹೋಗುವವರು ಈ ನದಿಯನ್ನು ಇಲ್ಲಿಯೇ ದಾಟಬೇಕು. ಪಶ್ಚಿಮಕ್ಕೆ ಕಣಿವೆ ಹಿಡಿದು ಹೋಗುವ ದಾರಿಯೂ ಇಲ್ಲಿಂದಲೇ ಆರಂಭ. ಈ ಎರಡೂ ದಾರಿಗಳ ಮೇಲೆ ಕಣ್ಣಿಡಬಹುದಾದ ಎತ್ತರವೆಂದರೆ ನದಿಯ ದಂಡೆಯ ಈ ಗುಡ್ಡ. ಇದನ್ನು ಹಿಡಿದವನು ಉತ್ತರದ ಹೈಲ್ಯಾಂಡ್ಸ್ ಪ್ರದೇಶವನ್ನು ಆಳುತ್ತಾನೆ ಎನ್ನಲಾಗದು. ಆದರೆ ಇದನ್ನು ಕಳೆದುಕೊಂಡವನು ಆಳಲಾರ ಎಂಬುದು ಮತ್ತೆ ಮತ್ತೆ ಸಾಬೀತಾಗಿದೆ.

ಇದರ ಪರಿಣಾಮವೇ ಕೋಟೆಯ ಪದೇ ಪದೇ ನಾಶ. 1296ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ಸ್ಕಾಟ್ಲೆಂಡನ್ನು ಗೆದ್ದಾಗ ಇಲ್ಲಿ ಇಂಗ್ಲಿಷ್ ಕಾವಲುಪಡೆ ಬಂತು. ಮರುವರ್ಷ ಆಂಡ್ರೂ ಮೊರೇ ಉತ್ತರದಲ್ಲಿ ದಂಗೆಯೆದ್ದ. 1307ರಲ್ಲಿ ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್ ಕೋಟೆಯನ್ನು ಹಿಡಿದ. ಹಿಡಿದು ತನ್ನ ಸೈನಿಕರನ್ನು ಅಲ್ಲಿ ಇಡುವ ಬದಲು ಕೆಡವಿಸಿದ. ಇದು ಮೇಲುನೋಟಕ್ಕೆ ವಿಚಿತ್ರವಾದರೂ ಅವನ ಯುದ್ಧನೀತಿಯ ತಿರುಳೇ ಇದು. ಬ್ರೂಸ್‌ನ ಬಳಿ ಕೋಟೆಗಳನ್ನು ಕಾಯುವಷ್ಟು ಜನವಿರಲಿಲ್ಲ. ಬಯಲಿನಲ್ಲಿ, ಕಾಡಿನಲ್ಲಿ, ಕಣಿವೆಯಲ್ಲಿ ವೇಗವಾಗಿ ಚಲಿಸುವುದೇ ಅವನ ಬಲ. ಕಲ್ಲಿನ ಕೋಟೆ ಇಂಗ್ಲೆಂಡಿನಿಂದ ದಿನಸಿ, ಹಣ, ಬಿಲ್ಲುಗಾರರನ್ನು ತರಿಸಬಲ್ಲ ಶತ್ರುವಿಗೇ ಹೆಚ್ಚು ಉಪಯುಕ್ತ. ಆದ್ದರಿಂದ ತನಗೆ ಉಳಿಸಿಕೊಳ್ಳಲಾಗದ್ದು ಶತ್ರುವಿಗೂ ದಕ್ಕಬಾರದು ಎಂದು ಅವನು ನಿರ್ಧರಿಸಿದ. 1314ರಲ್ಲಿ ರಾಕ್ಸ್‌ಬರ್ಗ್, ಎಡಿನ್‌ಬರೋ, ಸ್ಟರ್ಲಿಂಗ್ ಕೋಟೆಗಳಿಗೂ ಅವನ ಕಡೆಯವರು ಇದೇ ಗತಿ ಕಾಣಿಸಿದರು.

ಹದಿನೈದನೆಯ ಶತಮಾನದ ಆರಂಭದಲ್ಲಿ ಕೋಟೆ ಮತ್ತೆ ಎದ್ದಿತು. ಈ ಬಾರಿ ಅದರ ಗುರಿ ಇಂಗ್ಲಿಷರಲ್ಲ, ಪಶ್ಚಿಮ ದ್ವೀಪಗಳ ಪ್ರಭುಗಳು. ನಮ್ಮ ಕಡೆಯ ಪಾಳೆಯಗಾರರಂತೆ, ಹೆಸರಿಗೆ ರಾಜನ ಅಧೀನರಾಗಿದ್ದು ತಮ್ಮ ನೆಲದಲ್ಲಿ ತಾವೇ ರಾಜರಾಗಿದ್ದವರು ಇವರು. 1428ರಲ್ಲಿ ಒಂದನೆಯ ಜೇಮ್ಸ್ ಉತ್ತರದ ಕುಲನಾಯಕರನ್ನು ಸಭೆಗೆಂದು ಇನ್‌ವರ್ನೆಸ್‌ಗೆ ಕರೆಸಿ, ಬಂದವರಲ್ಲಿ ಸುಮಾರು 50 ಜನರನ್ನು ಸೆರೆಹಿಡಿಸಿದ. ಅವರಲ್ಲಿ ದ್ವೀಪಗಳ ಪ್ರಭು ಅಲೆಕ್ಸಾಂಡರ್ ಕೂಡ ಇದ್ದ. ಬಿಡುಗಡೆಯಾದ ಅಲೆಕ್ಸಾಂಡರ್ ಮರುವರ್ಷವೇ ಸೈನ್ಯದೊಂದಿಗೆ ಬಂದು ಪಟ್ಟಣವನ್ನು ಸುಟ್ಟ. ರಾಜನ ಮಾತಿಗೆ ಮರ್ಯಾದೆ ಇಲ್ಲ ಎಂಬ ಭಾವನೆ ಕುಲಗಳಲ್ಲಿ ಬೇರೂರಿದ್ದಕ್ಕೆ ಈ ಘಟನೆಯೂ ಒಂದು ಕಾರಣ.

1562ರ ಪ್ರಸಂಗ ಇನ್ನೂ ಪ್ರಸಿದ್ಧ. ಕೋಟೆ ರಾಜಮನೆತನದ್ದೇ ಆಗಿದ್ದರೂ ಅದರ ಉಸ್ತುವಾರಿ ಹಂಟ್ಲಿಯ ಅರ್ಲ್ ಜಾರ್ಜ್ ಗಾರ್ಡನ್ ಕೈಯಲ್ಲಿತ್ತು. ಆ ಸೆಪ್ಟೆಂಬರಿನಲ್ಲಿ ಹತ್ತೊಂಬತ್ತು ವರ್ಷದ ಮೇರಿ ರಾಣಿ ತನ್ನ ಸ್ವಂತ ಕೋಟೆಯ ಬಾಗಿಲಿಗೆ ಬಂದಾಗ ಕಿಲ್ಲೇದಾರ ಅಲೆಕ್ಸಾಂಡರ್ ಗಾರ್ಡನ್ ಒಳಗೆ ಬಿಡಲಿಲ್ಲ. ಫ್ರೇಸರ್ ಮತ್ತು ಮನ್ರೋ ಕುಲದವರು ರಾಣಿಯ ಬೆಂಬಲಕ್ಕೆ ಬಂದ ಮೇಲೆ ಕೋಟೆ ಶರಣಾಯಿತು, ಕಿಲ್ಲೇದಾರನನ್ನು ಗಲ್ಲಿಗೇರಿಸಿದರು. ಕೆಲವೇ ವಾರಗಳಲ್ಲಿ ಹಂಟ್ಲಿಯ ಅಧಿಕಾರವೂ ಕೊನೆಗೊಂಡಿತು. ಇಂದಿನ ಪ್ರವಾಸಿ ಕೈಪಿಡಿಗಳಲ್ಲಿ ‘ಮೇರಿಗೆ ಬಾಗಿಲು ತೆರೆಯದ ಕೋಟೆ’ ಎಂದು ಬರೆಯುವಾಗ ಹೇಳುವುದು ಆ ಹಳೆಯ ಕಟ್ಟಡದ ಬಗ್ಗೆಯೇ. ಅದರ ಒಂದು ಗೋಡೆಯೂ ಈಗ ನೋಡಲು ಸಿಗುವುದಿಲ್ಲ.

ಕೋಟೆ ಸೇನಾ ಠಾಣ್ಯವಾದದ್ದು

ಹದಿನೇಳನೆಯ ಶತಮಾನದ ಒಳಯುದ್ಧಗಳಲ್ಲಿ ಗುಡ್ಡ ಹಲವು ಬಾರಿ ಕೈ ಬದಲಿಸಿತು. ರಾಜಪ್ರಭುತ್ವವನ್ನು ಕೊನೆಗಾಣಿಸಿದ ಇಂಗ್ಲಿಷ್ ನಾಯಕ ಕ್ರಾಮ್‌ವೆಲ್‌ನ ಸೈನ್ಯ ಮಾತ್ರ ಅದನ್ನು ನೆಚ್ಚದೆ 1652ರಿಂದ ನದಿ ಸಮುದ್ರ ಸೇರುವ ಕಡೆ ಹೊಸದೊಂದು ದುರ್ಗ ಕಟ್ಟಿತು. ಹಡಗಿನಲ್ಲಿ ನೇರವಾಗಿ ದಿನಸಿ, ಮದ್ದುಗುಂಡು ಇಳಿಸಬಹುದಾದ ಜಾಗ ಅದು. ರಾಜಪ್ರಭುತ್ವ ಮರಳಿದ ಮೇಲೆ ಆ ದುರ್ಗವನ್ನೂ ಕೆಡವಿದರು. ಗುಡ್ಡದ ಕೋಟೆಯ ದೌರ್ಬಲ್ಯವನ್ನು ಮೊದಲು ಗುರುತಿಸಿದವರು ಕ್ರಾಮ್‌ವೆಲ್‌ನ ಸೈನಿಕರು ಎಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಒಂದು ಶತಮಾನದ ನಂತರ ಅದೇ ಪಾಠವನ್ನು ಸರ್ಕಾರ ಹೆಚ್ಚು ಬೆಲೆ ತೆತ್ತು ಕಲಿಯಿತು.

1688ರಲ್ಲಿ ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ವಂಶವನ್ನು ಮತ್ತೆ ಪಟ್ಟಕ್ಕೇರಿಸಲು ಹೋರಾಡಿದವರನ್ನು ಜಾಕೊಬೈಟರು ಎನ್ನುತ್ತಾರೆ. ಅವರ ಬಲದ ದೊಡ್ಡ ಪಾಲು ಹೈಲ್ಯಾಂಡ್ಸ್‌ನ ಕುಲಗಳಲ್ಲಿತ್ತು. 1715ರ ದಂಗೆಯ ನಂತರ ಲಂಡನ್ ಸರ್ಕಾರ ಜನರಲ್ ಜಾರ್ಜ್ ವೇಡ್‌ನನ್ನು ಉತ್ತರಕ್ಕೆ ಕಳಿಸಿತು. ಅವನು ಸುಮಾರು 400 ಕಿಲೋಮೀಟರ್ ಸೇನಾ ರಸ್ತೆ ಮಾಡಿಸಿದ, ಗ್ರೇಟ್ ಗ್ಲೆನ್ ಉದ್ದಕ್ಕೂ ಠಾಣ್ಯಗಳನ್ನು ನಿಲ್ಲಿಸಿದ. ಇನ್‌ವರ್ನೆಸ್‌ನ ಹಳೆಯ ಗೋಪುರವನ್ನು ಬ್ಯಾರಕ್‌ಗಳನ್ನಾಗಿ ಬದಲಿಸಿ, ಸುತ್ತ ಕೊತ್ತಲ ಕಟ್ಟಿಸಿ, ಆಗಿನ ದೊರೆಯ ಹೆಸರಿನಲ್ಲಿ ಅದಕ್ಕೆ ಫೋರ್ಟ್ ಜಾರ್ಜ್ ಎಂದು ನಾಮಕರಣ ಮಾಡಿದ. ಚೆನ್ನೈಯ ಸೇಂಟ್ ಜಾರ್ಜ್ ಕೋಟೆಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿರುವುದು ಸಂತನ ಹೆಸರು, ಇಲ್ಲಿರುವುದು ರಾಜನದು.

ಹೊರನೋಟಕ್ಕೆ ಕೋಟೆ ಬಲವಾಯಿತು. ಒಳಗೆ ಅದು ಮಧ್ಯಯುಗದ ಗೋಪುರಕ್ಕೆ ಹೊಸ ಅಂಗಿ ತೊಡಿಸಿದಂತೆಯೇ ಇತ್ತು. ಗುಡ್ಡ ಚಿಕ್ಕದು, ದೊಡ್ಡ ಕೊತ್ತಲಗಳಿಗೆ ಜಾಗವಿಲ್ಲ, ಬುಡದಲ್ಲಿಯೇ ಪಟ್ಟಣ ಒತ್ತಿಕೊಂಡಿತ್ತು, ಸಮುದ್ರದಿಂದ ನೇರ ಸರಬರಾಜು ಇರಲಿಲ್ಲ.

1746ರ ಫೆಬ್ರವರಿ

ಕೊನೆಯ ಜಾಕೊಬೈಟ್ ದಂಗೆ 1745ರಲ್ಲಿ ಎದ್ದು, ಇಂಗ್ಲೆಂಡಿನ ಡರ್ಬಿಯವರೆಗೆ ಹೋಗಿ ಹಿಮ್ಮೆಟ್ಟಿತು. 1746ರ ಫೆಬ್ರವರಿಯಲ್ಲಿ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್‌ನ ಸೈನ್ಯ ಇನ್‌ವರ್ನೆಸ್ ಬಳಿ ಬಂತು. ಸರ್ಕಾರದ ಪರ ಪಟ್ಟಣವನ್ನು ಕಾಯುತ್ತಿದ್ದ ಲೌಡನ್ ಪ್ರಭು ತನ್ನ ಪಡೆಯೊಂದಿಗೆ ಕೊಲ್ಲಿ ದಾಟಿ ಉತ್ತರಕ್ಕೆ ಸರಿದ. ಹಿಂದೆ ಉಳಿದದ್ದು ಗುಡ್ಡದ ಮೇಲಿನ ಸಣ್ಣ ಕಾವಲುಪಡೆ. ಮುತ್ತಿಗೆ ಹಾಕಿದವರು ಗುಡ್ಡದ ಬುಡದಿಂದ ಸುರಂಗ ತೋಡತೊಡಗಿದರು. ಕೆಲವೇ ದಿನಗಳಲ್ಲಿ, ದೊಡ್ಡ ಕಾಳಗವಿಲ್ಲದೆ, ಕೋಟೆ ಶರಣಾಯಿತು.

ಗೆದ್ದವರು ಅದನ್ನು ಉಡಾಯಿಸಿದರು. 439 ವರ್ಷಗಳ ಹಿಂದೆ ಬ್ರೂಸ್ ಮಾಡಿದ ಲೆಕ್ಕವೇ ಇಲ್ಲಿಯೂ ನಡೆಯಿತು. ಜಾಕೊಬೈಟರಲ್ಲಿ ಹಣ, ದಿನಸಿ, ಫಿರಂಗಿ ಎಲ್ಲಕ್ಕೂ ಕೊರತೆ. ಕೋಟೆಯನ್ನು ಕಾಯಲು ಜನರನ್ನು ಬಿಟ್ಟರೆ ಬಯಲಿನ ಸೈನ್ಯ ಇನ್ನಷ್ಟು ತೆಳ್ಳಗಾಗುತ್ತದೆ. ಹಾಗೆಯೇ ಬಿಟ್ಟರೆ ಅಬರ್ಡೀನ್ ಕಡೆಯಿಂದ ಬರುತ್ತಿದ್ದ ಸರ್ಕಾರಿ ಸೈನ್ಯದ ದಂಡನಾಯಕ ಕಂಬರ್ಲೆಂಡಿನ ಡ್ಯೂಕ್ ಅದರೊಳಗೆ ಕೂರುತ್ತಾನೆ. ಇದಕ್ಕೆ ಇನ್ನೊಂದು ಭಾವನಾತ್ಮಕ ಕಾರಣವೂ ಸೇರಿತ್ತು. ತಮ್ಮ ನಾಡಿನ ನೆತ್ತಿಯ ಮೇಲೆ ಲಂಡನ್ ಕೂರಿಸಿದ್ದ ಈ ಠಾಣ್ಯಗಳ ಬಗ್ಗೆ ಕುಲಗಳಿಗೆ ಎರಡು ದಶಕಗಳ ಸಿಟ್ಟಿತ್ತು. ಮದ್ದಿಟ್ಟ ಫ್ರೆಂಚ್ ಇಂಜಿನಿಯರ್ ಆ ಸ್ಫೋಟದಲ್ಲಿಯೇ ಸತ್ತ. ಅವನ ನಾಯಿ ಮಾತ್ರ ನದಿಯಾಚೆ ಬಿದ್ದು ಬಾಲ ಕಳೆದುಕೊಂಡು ಬದುಕಿತು ಎಂಬ ಕಥೆಯನ್ನು ಇನ್‌ವರ್ನೆಸ್ ಇಂದಿಗೂ ಹೇಳುತ್ತದೆ. ನಾಯಿಯ ಭಾಗವನ್ನು ನಂಬುವುದು ಬಿಡುವುದು ಕೇಳುಗರಿಗೆ ಸೇರಿದ್ದು.

ಎರಡು ತಿಂಗಳೂ ಕಳೆಯಲಿಲ್ಲ. ಏಪ್ರಿಲ್ 16ರಂದು ಇನ್‌ವರ್ನೆಸ್‌ಗೆ ಹತ್ತಿರದ ಕಲೋಡನ್ ಬಯಲಿನಲ್ಲಿ ಜಾಕೊಬೈಟ್ ಸೈನ್ಯ ಒಂದು ಗಂಟೆಗಿಂತ ಕಡಿಮೆ ಅವಧಿಯಲ್ಲಿ ನಾಶವಾಯಿತು. ಕೋಟೆಯನ್ನು ಉಡಾಯಿಸಿದವರಿಗೆ ಅದರಿಂದ ಯಾವ ಯುದ್ಧಲಾಭವೂ ಆಗಲಿಲ್ಲ.

ಮತ್ತೆ ಕಟ್ಟಲಿಲ್ಲ ಏಕೆ

ಗೆದ್ದ ಸರ್ಕಾರ ಅದೇ ಗುಡ್ಡದ ಮೇಲೆ ಅದೇ ಕೋಟೆಯನ್ನು ಮತ್ತೆ ಕಟ್ಟಬಹುದಿತ್ತು. ಕಟ್ಟಲಿಲ್ಲ. ಕೆಲವು ದಿನಗಳಲ್ಲಿ ಕೈಬಿಟ್ಟ ಠಾಣ್ಯದ ಮೇಲೆ ಸೇನೆಗೆ ವಿಶ್ವಾಸ ಉಳಿದಿರಲಿಲ್ಲ. ಹೊಸ ದುರ್ಗಕ್ಕೆ ಮೊದಲು ಆರಿಸಿದ್ದು ಕ್ರಾಮ್‌ವೆಲ್‌ನ ದುರ್ಗವಿದ್ದ ಜಾಗವನ್ನು. ಬಂದರಿಗೆ ತೊಂದರೆಯಾಗುತ್ತದೆ ಎಂದು ಪಟ್ಟಣದ ಆಡಳಿತ ಪರಿಹಾರ ಕೇಳಿದಾಗ, ಸೇನೆ ಈಶಾನ್ಯಕ್ಕೆ ಸುಮಾರು 18 ಕಿಲೋಮೀಟರ್ ದೂರದ ಆರ್ಡರ್ಸಿಯರ್ ಬಳಿಯ ಭೂಶಿರವನ್ನು ಆರಿಸಿತು. ಮೂರು ಕಡೆ ಸಮುದ್ರ, ಸುತ್ತ ಎತ್ತರದ ಜಾಗವಿಲ್ಲ, ಹಡಗು ಗೋಡೆಯ ಬುಡಕ್ಕೇ ಬರಬಹುದು. ವಿಲಿಯಂ ಸ್ಕಿನ್ನರ್‌ನ ವಿನ್ಯಾಸದಂತೆ 1748ರಲ್ಲಿ ಶುರುವಾದ ಕೆಲಸ 1769ರವರೆಗೆ ನಡೆಯಿತು. ಮೊದಲ ಅಂದಾಜಿನ ಎರಡು ಪಟ್ಟನ್ನೂ ಮೀರಿ, 2 ಲಕ್ಷ ಪೌಂಡಿಗೂ ಹೆಚ್ಚು ವೆಚ್ಚವಾಯಿತು. ಹೆಸರು ಮತ್ತೆ ಫೋರ್ಟ್ ಜಾರ್ಜ್. ಪತ್ರಿಕೆಗಳಲ್ಲಿ ಗೊಂದಲ ಹೆಚ್ಚಲು ಈ ಎರಡನೆಯ ಫೋರ್ಟ್ ಜಾರ್ಜ್ ಕೂಡ ಕಾರಣ: 1746ರಲ್ಲಿ ಅಳಿದದ್ದು ಮೊದಲನೆಯದು, ಇಂದು ಪೂರ್ತಿಯಾಗಿ ಉಳಿದಿರುವುದು ಎರಡನೆಯದು.

ಎರಡನೆಯದರ ಮೇಲೆ ಯಾರೂ ದಾಳಿ ಮಾಡಲೇ ಇಲ್ಲ. ಅದು ಮುಗಿಯುವ ಹೊತ್ತಿಗೆ ಯಾರನ್ನು ಅಡಗಿಸಲು ಕಟ್ಟಿದ್ದರೋ ಅವರ ಮಕ್ಕಳೇ ಬ್ರಿಟಿಷ್ ಸೈನ್ಯ ಸೇರಿಯಾಗಿತ್ತು. ಈ ತಿರುವು ಕರ್ನಾಟಕದ ಚರಿತ್ರೆಗೂ ನೇರವಾಗಿ ತಾಗುತ್ತದೆ. 1746ರಲ್ಲಿ ಜಾಕೊಬೈಟ್ ಪಕ್ಷದಲ್ಲಿ ಹೋರಾಡಿ, ಕಲೋಡನ್ ಕಾಳಗದ ಹಿಂದಿನ ದಿನ ಸೆರೆಸಿಕ್ಕ ಮೆಕ್ಲೌಡ್ ಪ್ರಭು ಜಾನ್ ಮೆಕೆಂಜಿ ಮುಂದೆ ಕ್ಷಮಾದಾನ ಪಡೆದು, ಸ್ವೀಡನ್ ಸೈನ್ಯದಲ್ಲಿದ್ದು, 1777ರಲ್ಲಿ ಬ್ರಿಟಿಷ್ ದೊರೆಗಾಗಿ ಹೈಲ್ಯಾಂಡ್ಸ್‌ನವರ ಹೊಸ ರೆಜಿಮೆಂಟ್ ಕಟ್ಟಿದ. 73ನೆಯ ಕ್ರಮಾಂಕದ ಆ ರೆಜಿಮೆಂಟ್ 1780ರಲ್ಲಿ ಮದ್ರಾಸಿಗೆ ಬಂತು. ಅದೇ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನ ಕಾಳಗದಲ್ಲಿ ಅದರ ಎರಡು ಕಂಪನಿಗಳು ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದ ಎದುರು ನುಚ್ಚುನೂರಾದವು. ಅಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಬಂಧನದಲ್ಲಿದ್ದ ಡೇವಿಡ್ ಬೇರ್ಡ್ ಈ ರೆಜಿಮೆಂಟಿನ ಕ್ಯಾಪ್ಟನ್. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಮೇಲಿನ ದಾಳಿಯನ್ನು ಮುನ್ನಡೆಸಿದವನೂ ಅವನೇ.

ಕೋಟೆಯ ವೇಷದ ನ್ಯಾಯಾಲಯ

ಇತ್ತ ಇನ್‌ವರ್ನೆಸ್ ಗುಡ್ಡದ ಮೇಲೆ ಸುಮಾರು 90 ವರ್ಷ ಪಾಳುಗೋಡೆಗಳು ನಿಂತಿದ್ದವು. ಆದರೆ ಗುಡ್ಡದ ಮುಂದಿನ ಹಣೆಬರಹವನ್ನು ಬರೆದದ್ದು ಸಿಡಿಮದ್ದಲ್ಲ, ಒಂದು ಕಾನೂನು. ಕಲೋಡನ್ ನಂತರ ಸಂಸತ್ತು ಕುಲನಾಯಕರ ಆನುವಂಶಿಕ ನ್ಯಾಯಾಧಿಕಾರವನ್ನು ರದ್ದುಮಾಡಿತು. ಅಲ್ಲಿಯವರೆಗೆ ತಮ್ಮ ನೆಲದ ಜನರನ್ನು ತಾವೇ ವಿಚಾರಿಸಿ ಶಿಕ್ಷಿಸುತ್ತಿದ್ದ ಕುಲನಾಯಕರು ಈಗ ಬರೀ ಜಮೀನುದಾರರಾದರು. ನ್ಯಾಯ ಹೇಳುವ ಅಧಿಕಾರ ರಾಜನು ನೇಮಿಸಿದ ಶೆರಿಫ್ ಎಂಬ ನ್ಯಾಯಾಧೀಶರಿಗೆ ಹೋಯಿತು. ಒಂದು ಪ್ರದೇಶವನ್ನು ಹಿಡಿತದಲ್ಲಿಡಲು ಸೈನಿಕರಿಗಿಂತ ಕಾಗದಪತ್ರ, ಸಮನ್ಸು, ಜೈಲು ಹೆಚ್ಚು ಪರಿಣಾಮಕಾರಿ ಎಂಬ ಹೊಸ ವ್ಯವಸ್ಥೆಗೆ ಒಂದು ಕಟ್ಟಡ ಬೇಕಾಯಿತು. ಆ ಕಟ್ಟಡ 1836ರಲ್ಲಿ, ಅಧಿಕಾರ ಎಂದಿನಿಂದಲೂ ಕೂತಿದ್ದ ಜಾಗದಲ್ಲಿಯೇ ಬಂತು.

ಅದಕ್ಕೆ ಕೋಟೆಯ ರೂಪ ಕೊಟ್ಟದ್ದು ಅಕಸ್ಮಾತ್ತಲ್ಲ. 1820ರ, 30ರ ದಶಕಗಳ ಹೊತ್ತಿಗೆ ಹೈಲ್ಯಾಂಡ್ಸ್ ಭಯ ಹುಟ್ಟಿಸುವ ನಾಡಾಗಿ ಉಳಿದಿರಲಿಲ್ಲ, ರಮ್ಯ ಕಲ್ಪನೆಯ ನಾಡಾಗಿತ್ತು. 1822ರಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೋದಲ್ಲಿ ಸ್ವತಃ ಹೈಲ್ಯಾಂಡ್ಸ್ ಗಂಡಸರ ಲಂಗದಂಥ ಉಡುಪಾದ ಕಿಲ್ಟ್ ತೊಟ್ಟು ಕಾಣಿಸಿಕೊಂಡಿದ್ದ. ಬುರುಜುಗಳಿರುವ ಕಟ್ಟಡ ಹಳೆಯ ಗೌರವವನ್ನು ನೆನಪಿಸುತ್ತದೆ. ಒಳಗೆ ಕೂತ ನ್ಯಾಯಾಧೀಶನ ಅಧಿಕಾರಕ್ಕೂ ಹಳೆಯ ಕಾಲದ ತೂಕ ಬರುತ್ತದೆ. ಇದಕ್ಕಾಗಿ ನಿಜವಾದ ಪಾಳುಗೋಡೆಗಳನ್ನು ತೆರವುಗೊಳಿಸಿ, ನೆಲವನ್ನು ಸಮಮಾಡಬೇಕಾಯಿತು. ಕೋಟೆಯಂತೆ ಕಾಣುವ ಕಟ್ಟಡಕ್ಕಾಗಿ ಕೋಟೆಯ ಕೊನೆಯ ಗುರುತುಗಳನ್ನೇ ಅಳಿಸಿದರು. ಇಂದು ಹಳೆಯ ಕೋಟೆಯ ಬಗ್ಗೆ ತಿಳಿಯಬೇಕೆಂದರೆ ಹದಿನೆಂಟನೆಯ ಶತಮಾನದ ಸೇನಾ ಇಂಜಿನಿಯರುಗಳು ಬರೆದಿಟ್ಟ ನಕ್ಷೆಗಳನ್ನು ನೋಡಬೇಕು. ಗುಡ್ಡದ ಮೇಲೆ ತೋರಿಸುವುದಕ್ಕೆ ಒಂದು ಬಾವಿ ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ.

ಈಗಿನ ವಾದಗಳು

2016ರಲ್ಲಿ ಘೋಷಣೆಯಾದ ಇನ್‌ವರ್ನೆಸ್ ಮತ್ತು ಹೈಲ್ಯಾಂಡ್ ನಗರ-ಪ್ರದೇಶ ಒಪ್ಪಂದದ ಒಟ್ಟು ಮೊತ್ತ 31.5 ಕೋಟಿ ಪೌಂಡ್. ಬ್ರಿಟಿಷ್ ಸರ್ಕಾರ, ಸ್ಕಾಟಿಷ್ ಸರ್ಕಾರ ಮತ್ತು ಹೈಲ್ಯಾಂಡ್ ಕೌನ್ಸಿಲ್ ಸೇರಿ ಕೊಡುವ ಈ ಹಣದಲ್ಲಿ ಕೋಟೆಯ ಮಾರ್ಪಾಡಿಗೂ ಪಾಲು ಸಿಕ್ಕಿತು. ಯೋಜನೆಯ ಉಸ್ತುವಾರಿ ಕೌನ್ಸಿಲ್‌ನದು, ನಡೆಸುವ ಹೊಣೆ ಹೈ ಲೈಫ್ ಹೈಲ್ಯಾಂಡ್ ಎಂಬ ದತ್ತಿ ಸಂಸ್ಥೆಯದು. ಹಳೆಯ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸುವ ಬದಲು, ಹೈಲ್ಯಾಂಡ್ಸ್‌ನ ಜನರಿಂದ ಸಂಗ್ರಹಿಸಿದ ಕಥೆಗಳನ್ನು ಕೇಳಿಸುವುದು ಅದರ ಕಲ್ಪನೆ.

ಪರವಾಗಿರುವವರ ಮೊದಲ ವಾದ ಆರ್ಥಿಕವಾದುದು. ನ್ಯಾಯಾಲಯ ಹೋದ ಮೇಲೆ ನಗರದ ನಡುವಿನ ಗುಡ್ಡದ ಮೇಲಿನ ಕಟ್ಟಡ ಖಾಲಿ ಬಿದ್ದರೆ ಅದರ ನಿರ್ವಹಣೆಯ ವೆಚ್ಚ ತಪ್ಪುವುದಿಲ್ಲ, ವರಮಾನ ಮಾತ್ರ ಶೂನ್ಯವಾಗುತ್ತದೆ. ನೆಸ್ ಸರೋವರ, ಕಲೋಡನ್, ಸ್ಕೈ ದ್ವೀಪಕ್ಕೆ ಹೋಗುವ ಪ್ರವಾಸಿಗಳು ಇನ್‌ವರ್ನೆಸ್‌ನಲ್ಲಿ ಮಲಗಿ ಎದ್ದು ಹೊರಟುಬಿಡುತ್ತಾರೆ. ಅವರನ್ನು ಇನ್ನೊಂದು ದಿನ ನಿಲ್ಲಿಸಲು ನಗರಕ್ಕೆ ಏನಾದರೂ ಬೇಕು. ವಿರೋಧಿಸುವವರ ಮೊದಲ ಪ್ರಶ್ನೆಯೂ ಹಣದ್ದೇ: ರಸ್ತೆ, ಶಾಲೆ, ಮನೆಗಳಿಗೆ ಹಣ ಸಾಲದ ಪ್ರದೇಶದಲ್ಲಿ ಇಷ್ಟು ಮೊತ್ತವನ್ನು ಒಂದು ಪ್ರವಾಸಿ ತಾಣಕ್ಕೆ ಹಾಕುವುದು ಸರಿಯೇ? ಒಂದು ಬಾರಿಯ ಅನುದಾನ ಕಟ್ಟಡವನ್ನು ಸಿದ್ಧಪಡಿಸುತ್ತದೆ, ಪ್ರತಿ ವರ್ಷದ ಖರ್ಚನ್ನು ಟಿಕೆಟಿನ ಹಣವೇ ತುಂಬಬೇಕು. ಅದು ತುಂಬದಿದ್ದರೆ ಹೊರೆ ಮತ್ತೆ ಕೌನ್ಸಿಲ್ ಮೇಲೆ ಬರುತ್ತದೆ.

ಚರಿತ್ರೆಯ ಕಡೆಯ ಆಕ್ಷೇಪ ಬೇರೆ ಬಗೆಯದು. ಕೋಟೆಯಲ್ಲದ್ದನ್ನು ಕೋಟೆ ಎಂದು ಕರೆದು ಟಿಕೆಟ್ ಮಾರುವುದು ಪ್ರವಾಸಿಯನ್ನು ದಾರಿ ತಪ್ಪಿಸಿದಂತೆ ಎಂದು ಕೆಲವರು ವಾದಿಸುತ್ತಾರೆ. ಒಂಬತ್ತು ಶತಮಾನ ಅಧಿಕಾರದ ನೆಲೆಯಾಗಿದ್ದ ಗುಡ್ಡಕ್ಕೆ ಆ ಹೆಸರು ಸಲ್ಲುತ್ತದೆ, ಈಗಿನ ಕಟ್ಟಡಕ್ಕೂ 190 ವರ್ಷ ತುಂಬುವ ಹೊತ್ತಾಗಿದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡನೆಯ ವಾದದಲ್ಲಿ ಹೆಚ್ಚು ಸತ್ಯವಿದೆ, ಆದರೆ ಅದನ್ನು ಹೇಳುವವರೇ ಅದನ್ನು ಪೂರ್ತಿ ಬಳಸಿಕೊಳ್ಳುವುದಿಲ್ಲ. ಈಗಿನ ಕಟ್ಟಡಕ್ಕೆ ಮ್ಯಾಕ್‌ಬೆತ್‌ನ ಸಾಲದ ಕೀರ್ತಿ ಬೇಕಾಗಿಲ್ಲ. ಅದಕ್ಕೆ ತನ್ನದೇ ಆದ ಚರಿತ್ರೆ ಇದೆ.

ಒಂದೇ ಉದಾಹರಣೆ ಸಾಕು. 1882ರಲ್ಲಿ ಸ್ಕೈ ದ್ವೀಪದ ಬ್ರೇಸ್ ಎಂಬಲ್ಲಿನ ಸಣ್ಣ ಹಿಡುವಳಿದಾರರು ಬೆನ್ ಲೀ ಬೆಟ್ಟದ ಮೇಲೆ ತಮಗಿದ್ದ ಮೇವಿನ ಹಕ್ಕನ್ನು ಮರಳಿ ಕೊಡುವವರೆಗೆ ಗೇಣಿ ಕೊಡುವುದಿಲ್ಲ ಎಂದು ನಿಂತರು. ಒಕ್ಕಲೆಬ್ಬಿಸುವ ಆದೇಶ ತಂದ ಅಧಿಕಾರಿಯ ಕಾಗದಗಳನ್ನು ಸುಟ್ಟುಹಾಕಿದರು. ಗ್ಲಾಸ್ಗೋದಿಂದ ಸುಮಾರು 50 ಪೊಲೀಸರು ಬಂದಾಗ ಊರಿನ ಹೆಂಗಸರು ಗಂಡಸರು ಕಲ್ಲು ತೂರಿದರು. ಬಂಧಿತರಾದ ಐವರನ್ನು ಇನ್‌ವರ್ನೆಸ್‌ಗೆ ತಂದು ಶೆರಿಫ್ ನ್ಯಾಯಾಲಯದಲ್ಲಿ ಜ್ಯೂರಿ ಇಲ್ಲದೆ ವಿಚಾರಿಸಿ ದಂಡ ಹಾಕಿದರು. ಬೆಂಬಲಿಗರು ದಂಡ ಕಟ್ಟಿ ಬಿಡಿಸಿಕೊಂಡು ಹೋದರು. ಈ ಪ್ರಕರಣ ಎಬ್ಬಿಸಿದ ಗದ್ದಲದಿಂದಾಗಿ ಸರ್ಕಾರ 1883ರಲ್ಲಿ ಹಿಡುವಳಿದಾರರ ಸ್ಥಿತಿಗತಿ ವಿಚಾರಿಸಲು ನೇಪಿಯರ್ ಆಯೋಗ ನೇಮಿಸಬೇಕಾಯಿತು. 1886ರ ಕಾಯಿದೆ ಆ ಹಿಡುವಳಿದಾರರಿಗೆ ಒಕ್ಕಲೆಬ್ಬಿಸುವಿಕೆಯಿಂದ ರಕ್ಷಣೆ ಮತ್ತು ನ್ಯಾಯವಾದ ಗೇಣಿಯ ಹಕ್ಕು ಕೊಟ್ಟಿತು. ಭೂಸುಧಾರಣೆಯನ್ನು ಕಂಡ ಕನ್ನಡದ ಓದುಗರಿಗೆ ಈ ಕಥೆಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೈಲ್ಯಾಂಡ್ಸ್‌ನ ಸಾಮಾನ್ಯ ಜನರ ಬದುಕನ್ನು ಬದಲಿಸಿದ ಘಟನೆಗಳು ಕೋಟೆಯ ಮುತ್ತಿಗೆಗಳಿಗಿಂತ ಹೆಚ್ಚಾಗಿ ಇಂಥ ನ್ಯಾಯಾಲಯಗಳಲ್ಲಿ ನಡೆದಿವೆ. ಜನರಿಂದಲೇ ಕಥೆ ಸಂಗ್ರಹಿಸಿದ ಯೋಜನೆ ಈ ಭಾಗವನ್ನು ಎಷ್ಟು ಧೈರ್ಯದಿಂದ ಹೇಳುತ್ತದೆ ಎಂಬುದೇ ಅದರ ನಿಜವಾದ ಪರೀಕ್ಷೆ.

ಮುಂದೆ ಏನಾಗಬಹುದು

ಹತ್ತಿರದ ಪರಿಣಾಮ ಜನಸಂದಣಿಯದು. 2015ರಲ್ಲಿ ಆರಂಭವಾದ, ಉತ್ತರದ ಕರಾವಳಿಯನ್ನು ಸುಮಾರು 830 ಕಿಲೋಮೀಟರ್ ಸುತ್ತಿಬರುವ ‘ನಾರ್ತ್ ಕೋಸ್ಟ್ 500’ ಎಂಬ ಪ್ರವಾಸಿ ರಸ್ತೆ ಶುರುವಾಗುವುದೂ ಮುಗಿಯುವುದೂ ಈ ಕೋಟೆಯ ಬಳಿಯೇ. ಆ ರಸ್ತೆ ದೂರದ ಹಳ್ಳಿಗಳಿಗೆ ವರಮಾನ ತಂದಿತು, ಜೊತೆಗೆ ಒಂದೇ ವಾಹನ ಹೋಗುವಷ್ಟು ಅಗಲದ ದಾರಿಗಳಲ್ಲಿ ಕ್ಯಾಂಪರ್ ವ್ಯಾನುಗಳ ಸಾಲನ್ನೂ, ಕಸದ ದೂರುಗಳನ್ನೂ ತಂದಿತು. ಆರಂಭದ ಬಿಂದುವಿನಲ್ಲಿ ದೊಡ್ಡ ಆಕರ್ಷಣೆ ತೆರೆದರೆ ಎರಡು ರೀತಿಯ ಫಲ ಸಾಧ್ಯ. ಜನ ನಗರದಲ್ಲಿ ಹೆಚ್ಚು ಹೊತ್ತು ನಿಂತು ಹಳ್ಳಿಗಳ ಮೇಲಿನ ಒತ್ತಡ ತಗ್ಗಬಹುದು, ಇಲ್ಲವೇ ಇದೇ ಹೊಸ ಜಾಹೀರಾತಾಗಿ ಆ ರಸ್ತೆಗೆ ಇನ್ನಷ್ಟು ವಾಹನಗಳು ಇಳಿಯಬಹುದು. ಪ್ರವಾಸಿಗಳ ವಸತಿಯ ಮೇಲೆ ಸುಂಕ ಹಾಕುವ ಅಧಿಕಾರವನ್ನು ಸ್ಕಾಟ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ 2024ರ ಕಾಯಿದೆ ಕೊಟ್ಟಿದೆ. ಎಡಿನ್‌ಬರೋ ಶೇಕಡಾ 5ರ ಸುಂಕವನ್ನು ಆರಿಸಿಕೊಂಡಿದೆ. ಹೈಲ್ಯಾಂಡ್ ಕೌನ್ಸಿಲ್‌ನಲ್ಲಿಯೂ ಇದು ಚರ್ಚೆಗೆ ಬಂದಿದೆ. ಸಣ್ಣ ವಸತಿಗೃಹಗಳ ಮಾಲೀಕರಿಗೆ ಇದು ಹೊರೆ ಎನಿಸಿದರೂ, ರಸ್ತೆ ಮತ್ತು ಶೌಚಾಲಯಗಳ ಖರ್ಚನ್ನು ಅದನ್ನು ಬಳಸುವವರೇ ಹಂಚಿಕೊಳ್ಳಲಿ ಎನ್ನುವವರ ಮಾತಿನಲ್ಲಿ ಹುರುಳಿದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಆರ್ಡರ್ಸಿಯರ್‌ನಲ್ಲಿ ಕಾದಿದೆ. ಅಲ್ಲಿನ ಫೋರ್ಟ್ ಜಾರ್ಜ್ ಇಂದಿಗೂ ಸೇನೆಯ ಬ್ಯಾರಕ್ ಆಗಿದೆ, ಜೊತೆಗೆ ಪ್ರವಾಸಿಗಳಿಗೂ ತೆರೆದಿದೆ. ಅದನ್ನು 2032ರ ಹೊತ್ತಿಗೆ ತೆರವು ಮಾಡುವುದಾಗಿ ಬ್ರಿಟಿಷ್ ರಕ್ಷಣಾ ಇಲಾಖೆ 2016ರಲ್ಲಿ ಪ್ರಕಟಿಸಿತ್ತು. ಆ ತೀರ್ಮಾನ ನಡೆದರೆ ಇನ್‌ವರ್ನೆಸ್ ಸುತ್ತ ಸರ್ಕಾರದ ಅಧಿಕಾರ ನಡೆದ ಎರಡು ಮುಖ್ಯ ಕಟ್ಟಡಗಳೂ ಪ್ರವಾಸಿಗಳನ್ನೇ ನೆಚ್ಚಬೇಕಾಗುತ್ತದೆ, ಅದೂ ಒಂದೇ ಸಣ್ಣ ಮಾರುಕಟ್ಟೆಯಲ್ಲಿ, ಕಲೋಡನ್ ರಣಭೂಮಿಯ ಕೇಂದ್ರದೊಂದಿಗೆ ಪೈಪೋಟಿ ಮಾಡುತ್ತ. 17 ಹೆಕ್ಟೇರಿನಷ್ಟು ವಿಸ್ತಾರವಾದ ಫೋರ್ಟ್ ಜಾರ್ಜ್‌ನ ನಿರ್ವಹಣೆಗೆ ಹೋಲಿಸಿದರೆ ಗುಡ್ಡದ ಮೇಲಿನ ಎರಡು ಕಟ್ಟಡಗಳ ಖರ್ಚು ಸಣ್ಣದು. ಆದ್ದರಿಂದ ಇನ್‌ವರ್ನೆಸ್ ಕೋಟೆಯ ಮೊದಲ ಕೆಲವು ವರ್ಷಗಳ ಟಿಕೆಟ್ ಲೆಕ್ಕವನ್ನು ಆ ನಗರದವರಷ್ಟೇ ಅಲ್ಲ, ಆರ್ಡರ್ಸಿಯರ್‌ನ ಬ್ಯಾರಕ್‌ಗಳಿಗೆ ಮುಂದೆ ಯಾರು ಹಣ ಕೊಡಬೇಕೆಂದು ನಿರ್ಧರಿಸಬೇಕಾದವರೂ ಗಮನವಿಟ್ಟು ನೋಡಬೇಕಾಗುತ್ತದೆ.